ಮೂರು ವರ್ಷದ ಆಸರೆ

ಮಗಳೇ, ಮೊನ್ನೆ ನೀನೀಗ ಇರುವ ನಿಮ್ಮಣ್ಣನ ಮನೆಗೆ ಬಂದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನಿನ್ನ ಮಗ ಸೋಫಾ ಹತ್ತುವ ಮೊದಲು ಅವನತ್ತೆಯ ಮುಖ ನೋಡಿದ. ನಾಲ್ಕು ವರ್ಷದ ಕೂಸು ಕಣ್ಣಲ್ಲೇ ಅಪ್ಪಣೆ ಕೇಳಿತು. ಅಣ್ಣ-ಅತ್ತಿಗೆ ಕೆಟ್ಟವರಲ್ಲ. ಆದರೂ ಹಂಗು ಎಂಬುದು ಮಕ್ಕಳಿಗೆ ನಮಗಿಂತ ಬೇಗ ತಿಳಿಯುತ್ತದೆ.

ಹಾಸ್ಟೆಲ್ ಸೇರು ಎಂದಿದ್ದಕ್ಕೆ ನೀನು, "ಮಗೂನ ಕಟ್ಟಿಕೊಂಡು ಹಾಸ್ಟೆಲ್‌ಗೆ ಹೋದರೆ ಜನ ಏನಂತಾರೆ ದೊಡ್ಡಮ್ಮ?" ಎಂದೆ. ಆಡುವ ಬಾಯಿ ಬಾಡಿಗೆ ಕಟ್ಟುವುದಿಲ್ಲ, ತಾಯಿ.

ನಾವು ವರ್ಕಿಂಗ್ ವಿಮೆನ್ಸ್ ಹಾಸ್ಟೆಲ್ ಎನ್ನುತ್ತಿದ್ದುದಕ್ಕೆ ಕೇಂದ್ರದ ಮಿಷನ್ ಶಕ್ತಿ ಯೋಜನೆಯಲ್ಲಿ ಈಗ 'ಸಖಿ ನಿವಾಸ' ಎಂಬ ಹೆಸರು. ಹೆಣ್ಣುಮಕ್ಕಳು 18, ಗಂಡುಮಕ್ಕಳು 12 ವರ್ಷದವರೆಗೆ ತಾಯಿಯ ಜೊತೆಗಿರಬಹುದು. ಬಾಡಿಗೆಯನ್ನೂ ಸಂಬಳ ನೋಡಿಯೇ ಗೊತ್ತುಮಾಡಿದ್ದಾರೆ: ಒಬ್ಬರ ಕೋಣೆಗೆ ಸಂಬಳದ ಶೇ. 15, ಇಬ್ಬರದ್ದಕ್ಕೆ ಶೇ. 10 ಮೀರಬಾರದು. ಊಟದ ಖರ್ಚು ಬೇರೆ. ನಿನಗೇನೋ ಕೆಲಸವಿದೆ. ಕೆಲಸವೂ ಇಲ್ಲದೆ, ಮನೆಯಿಂದ ಹೊರಬಿದ್ದು ದಿಕ್ಕು ತೋಚದವರಿಗೆ 'ಶಕ್ತಿ ಸದನ'ವಿದೆ. ಊಟ, ವಸತಿ, ಕಾನೂನು ನೆರವು, ಕಸುಬಿನ ತರಬೇತಿ ಅಲ್ಲೇ ಸಿಗಬೇಕು. 181ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಅಂಥ ಗೆಳತಿಯರಿದ್ದರೆ ತಿಳಿಸು.

ಸೇರುವ ಮುಂಚೆ ಹೋಗಿ ಕಣ್ಣಾರೆ ನೋಡು. ಬಾಗಿಲ ಬೋರ್ಡು ನಂಬಬೇಡ. ಶಿಶುವಿಹಾರ ನಿಜಕ್ಕೂ ನಡೆಯುತ್ತಿದೆಯೇ, ಎಷ್ಟು ಗಂಟೆಗೆ ಮುಚ್ಚುತ್ತದೆ? ನಿನ್ನ ಬಸ್ಸು ತಡವಾದ ಸಂಜೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ರಾತ್ರಿ ಜ್ವರ ಬಂದರೆ ಗೇಟು ತೆಗೆಯುತ್ತಾರೆಯೇ? ಅಲ್ಲಿರುವ ಇನ್ನೊಬ್ಬ ತಾಯಿಯನ್ನು ಕೇಳು, ನಿಜ ಗೊತ್ತಾಗುತ್ತದೆ. ಮಗುವಿನ ಜನನ ಪ್ರಮಾಣಪತ್ರ, ತಾಯಿ ಕಾರ್ಡು, ಆಧಾರ್, ನಿನ್ನ ಸಂಬಳದ ಚೀಟಿ ಒಂದೇ ಕವರಿನಲ್ಲಿರಲಿ.

ಇನ್ನೊಂದು ಮಾತು. ಅಲ್ಲಿ ಸಾಮಾನ್ಯವಾಗಿ ಇರಗೊಡುವುದು ಮೂರು ವರ್ಷ. ಅದನ್ನೇ ಮನೆಯೆಂದು ಮೈಮರೆಯಬೇಡ. ಹತ್ತು ತಿಂಗಳವರೆಗಿನ ಬಾಡಿಗೆಯನ್ನೂ ಅಡ್ವಾನ್ಸ್ ಕೇಳುವ ಬೆಂಗಳೂರಿದು. ಮೊದಲ ತಿಂಗಳೇ ಬ್ಯಾಂಕಿನಲ್ಲಿ ಒಂದು ಆರ್‌ಡಿ ತೆರೆ. ಐನೂರಾದರೂ ಸರಿ, ತಪ್ಪಿಸಬೇಡ. ರಾತ್ರಿ ಮಗು ಮಲಗಿದ ಮೇಲೆ, ಅರ್ಧಕ್ಕೆ ಬಿಟ್ಟ ಆ ಅಕೌಂಟ್ಸ್ ಕೋರ್ಸು ಮುಗಿಸು. ಮೂರನೇ ವರ್ಷ ಹೊರಬರುವಾಗ ಕೈಯಲ್ಲಿ ಅಡ್ವಾನ್ಸೂ ಇರಬೇಕು, ಒಂದು ಮೆಟ್ಟಿಲು ಮೇಲಿನ ಕೆಲಸವೂ ಇರಬೇಕು.

ಅಣ್ಣನ ಮನೆ ಬಿಟ್ಟರೆ ತವರು ತಪ್ಪಿತೆಂದು ಅಳಬೇಡ. ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ಬಾ, ನಾಲ್ಕು ದಿನ ಇದ್ದು ಹೋಗು. ಆಗ ಅತ್ತಿಗೆಯೇ ಇನ್ನೆರಡು ದಿನ ಇರು ಎನ್ನುತ್ತಾಳೆ.

ಶನಿವಾರ ರಜೆ ಹಾಕು. ಹಾಸ್ಟೆಲ್ ನೋಡಲು ನಾನೂ ಬರುತ್ತೇನೆ. ಮಗನನ್ನೂ ಕರೆದುಕೊಂಡು ಬಾ. ಅವನು ಯಾರ ಮುಖವನ್ನೂ ನೋಡದೆ ಅಲ್ಲಿನ ಮಂಚ ಹತ್ತುತ್ತಾನೆಯೇ ಎಂದು ನಾನು ನೋಡಬೇಕು.