ಸಿಎನ್‌ಸಿಗೆ ಕಮಾಂಡ್ ಕೊಡುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಯಾದಗಿರಿ, ಶಹಾಪುರ, ಸುರಪುರದಲ್ಲಿ ಬಾಗಿಲು ಕೆತ್ತುವ ರೌಟರ್, ತಗಡು ಕತ್ತರಿಸುವ ಪ್ಲಾಸ್ಮಾ ನಡೆಸುವವರಿಗೆ. ಕಡೇಚೂರು ಕೈಗಾರಿಕಾ ಪ್ರದೇಶಕ್ಕೆ ಹೊಸದಾಗಿ ಕೆಲಸಕ್ಕೆ ಸೇರುವ ಐಟಿಐ ಹುಡುಗ ಹುಡುಗಿಯರಿಗೆ.

ಕಂಟ್ರೋಲರ್‌ಗೆ ಕಣ್ಣಿಲ್ಲ. ಕೊಟ್ಟ ಅಂಕಿಯ ಜಾಗಕ್ಕೆ ಕಟರ್ ಹೋಗುತ್ತದೆ; ಅಲ್ಲಿ ಕ್ಲ್ಯಾಂಪ್ ಇದ್ದರೂ ಹೋಗುತ್ತದೆ, ಕೈ ಇದ್ದರೂ ಹೋಗುತ್ತದೆ. ನಿಮಿಷಕ್ಕೆ 24,000 ಸುತ್ತು ತಿರುಗುವ ಸ್ಪಿಂಡಲ್‌ಗೆ ಸಿಕ್ಕ ಬೆರಳು ಉಳಿಯುವುದಿಲ್ಲ. ಮುರಿದ ಬಿಟ್ಟಿನ ಚೂರು ಕಣ್ಣು ತೆಗೆಯುತ್ತದೆ.

ಮಾಡಬೇಕಾದ್ದು

– ಮಷೀನ್ ಚಾಲೂ ಮಾಡಿದ ಕೂಡಲೇ ಎಮರ್ಜೆನ್ಸಿ ಸ್ವಿಚ್ ಒತ್ತಿ ನೋಡಿ. ಅದು ಡ್ರೈವ್‌ಗೆ ಹೋಗುವ ಪವರನ್ನೇ ಕಡಿಯಬೇಕು. ಬರೀ ಪ್ರೋಗ್ರಾಂ ನಿಂತರೆ ಸಾಲದು.

– ಹೋಮ್ ಮಾಡಿ. ಮೊದಲು ಝಡ್ ಮೇಲಕ್ಕೆ, ಆಮೇಲೆ ಎಕ್ಸ್, ವೈ.

– ಕರೆಂಟ್ ಹೋಗಿ ಬಂದರೆ ಮತ್ತೆ ಹೋಮ್ ಮಾಡಿ. ಈ ಪಟ್ಟಿಯಲ್ಲಿ ಒಂದೇ ಒಂದು ಸಾಲು ನೆನಪಿಡುವುದಾದರೆ ಇದನ್ನು ನೆನಪಿಡಿ. ಎನ್‌ಕೋಡರ್ ಇಲ್ಲದ ಸ್ಟೆಪ್ಪರ್ ಮೋಟರ್ ಎಲ್ಲಿ ನಿಂತಿದೆಯೆಂದು ಕಂಟ್ರೋಲರ್‌ಗೆ ಗೊತ್ತಿರುವುದಿಲ್ಲ. ಪರದೆಯ ಮೇಲೆ ಕಾಣುವ ಅಂಕಿ ಆಗ ಸುಳ್ಳು.

– ಫೈಲಿನ ಮೊದಲ ಸಾಲಿನಲ್ಲೇ ಜಿ21, ಜಿ90 ಬರೆಯಿರಿ. ಹಿಂದಿನ ಕೆಲಸದ ಜಿ20 ಉಳಿದಿದ್ದರೆ ನಿಮ್ಮ 50 ಮಿ.ಮೀ. 50 ಇಂಚಾಗುತ್ತದೆ, ಅಂದರೆ 1,270 ಮಿ.ಮೀ. ನಾಲ್ಕಡಿ ಬೆಡ್ಡಿನ ಅಗಲವೇ ಸುಮಾರು 1,220. ಜಿ91 ಉಳಿದಿದ್ದರೆ ಪ್ರತಿ ಅಂಕಿಯೂ ಕಟರ್ ನಿಂತ ಜಾಗದಿಂದ ಲೆಕ್ಕವಾಗುತ್ತದೆ.

– ಬಿಟ್ ಬದಲಿಸಿದಾಗಲೆಲ್ಲ ಝಡ್ ಜೀರೋ ಹೊಸದಾಗಿ ತೆಗೆದುಕೊಳ್ಳಿ.

– ಜಿ00 ಕೊಡುವ ಮುಂಚೆ ಝಡ್ಡನ್ನು ಕ್ಲ್ಯಾಂಪಿಗಿಂತ ಮೇಲೆತ್ತಿ.

– ಹೊಸ ಫೈಲನ್ನು ಮೊದಲು ಗಾಳಿಯಲ್ಲಿ ಓಡಿಸಿ: ಸ್ಪಿಂಡಲ್ ಆಫ್, ಫೀಡ್ ಕಡಿಮೆ, ಒಂದು ಕೈ ಎಮರ್ಜೆನ್ಸಿ ಸ್ವಿಚ್ಚಿನ ಮೇಲೆ.

– ಸಾಫ್ಟ್ ಲಿಮಿಟ್ ಆನ್ ಇಡಿ.

– ಲಿಮಿಟ್ ಸ್ವಿಚ್ಚಿನ ಮೇಲಿನ ಮರದ ಪುಡಿ ದಿನಾ ಒರೆಸಿ.

– ಪ್ಯಾನಲ್ಲಿಗೆ ಕೈ ಹಾಕುವ ಮುಂಚೆ ಮೇನ್ ಆಫ್ ಮಾಡಿ, ಡ್ರೈವಿನ ಮೇಲೆ ಬರೆದಷ್ಟು ನಿಮಿಷ ಕಾಯಿರಿ. ಕೆಪಾಸಿಟರ್‌ನಲ್ಲಿ ಕೊಲ್ಲುವಷ್ಟು ಕರೆಂಟ್ ಉಳಿದಿರುತ್ತದೆ.

– ಕನ್ನಡಕ ಹಾಕಿ.

ಮಾಡಬಾರದ್ದು

– ಅಲಾರಂ ಬಂದಾಗ ಕಾರಣ ತಿಳಿಯದೆ ಅನ್‌ಲಾಕ್ ಮಾಡಬಾರದು. ಜಿಆರ್‌ಬಿಎಲ್ ಕಂಟ್ರೋಲರ್‌ನಲ್ಲಿ ಡಾಲರ್ ಎಕ್ಸ್ ಕೊಟ್ಟರೆ ಹೋಮ್ ಆಗದೆಯೇ ಬೀಗ ತೆರೆಯುತ್ತದೆ. ಅದು ಸಿಕ್ಕಿಬಿದ್ದ ಕಟರನ್ನು ಮೆಲ್ಲಗೆ ಸರಿಸಲು ಇರುವ ಕಮಾಂಡ್. ಅದನ್ನು ಕೊಟ್ಟು ಕೆಲಸ ಮುಂದುವರಿಸುವುದು ಬೇಡ.

– ಕರೆಂಟ್ ಬಂದ ಮೇಲೆ ‘ಉಳಿದ ಕೆಲಸ ಮುಂದುವರಿಸಲೇ’ ಎಂದು ಪರದೆ ಕೇಳಿದರೆ, ಹೋಮ್ ಆಗದೆ ಹೌದು ಒತ್ತುವುದು ಬೇಡ.

– ಬೇರೆ ಮಷೀನಿನ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ಹಾಗೇ ಓಡಿಸುವುದು ಬೇಡ. ಜಿ04 ಪಿ500 ಅಂದರೆ ಫ್ಯಾನಕ್‌ನಲ್ಲಿ ಅರ್ಧ ಸೆಕೆಂಡ್ ತಡೆ. ಜಿಆರ್‌ಬಿಎಲ್‌ನಲ್ಲಿ ಅದೇ ಸಾಲು 500 ಸೆಕೆಂಡ್, ಎಂಟು ನಿಮಿಷಕ್ಕೂ ಮೇಲೆ. ಮಷೀನ್ ಕೆಟ್ಟು ನಿಂತಿತೆಂದು ಬಗ್ಗಿ ನೋಡುತ್ತಿರುವಾಗಲೇ ಅದು ಮತ್ತೆ ಹೊರಡುತ್ತದೆ.

– ದಶಮಾಂಶ ಬಿಂದು ಬಿಡಬಾರದು. ಎಷ್ಟೋ ಫ್ಯಾನಕ್ ಮಷೀನುಗಳಲ್ಲಿ ಎಕ್ಸ್10.0 ಅಂದರೆ 10 ಮಿ.ಮೀ., ಬರೀ ಎಕ್ಸ್10 ಅಂದರೆ 0.01 ಮಿ.ಮೀ.

– ಪಾಜ್ ಒತ್ತಿ ಬೆಡ್ಡಿಗೆ ಕೈ ಹಾಕುವುದು ಬೇಡ. ಹಲವು ಕಂಟ್ರೋಲರ್‌ಗಳಲ್ಲಿ ಕಟರ್ ಸರಿಯುವುದಷ್ಟೇ ನಿಲ್ಲುತ್ತದೆ, ಸ್ಪಿಂಡಲ್ ತಿರುಗುತ್ತಲೇ ಇರುತ್ತದೆ.

– ಎಂ05 ಕೊಟ್ಟ ತಕ್ಷಣ ಬಿಟ್ ಮುಟ್ಟುವುದು ಬೇಡ. ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡಿ.

– ಝಡ್ ಕೆಳಗೆ ಕೈಯಿಟ್ಟು ಡ್ರೈವ್ ಆಫ್ ಮಾಡಬಾರದು. ಬ್ರೇಕ್ ಇಲ್ಲದ ಝಡ್ ತನ್ನ ಭಾರಕ್ಕೇ ಕುಸಿಯುತ್ತದೆ.

– ಆರ್ಡರ್ ಎಷ್ಟೇ ಅವಸರದ್ದಿರಲಿ, ಲಿಮಿಟ್ ಸ್ವಿಚ್ಚಿನ ವೈರ್ ಜೋಡಿಸಿ ಅದನ್ನು ಸುಮ್ಮನಾಗಿಸುವುದು ಬೇಡ.

– ಬಿಸಿಲು 40 ಡಿಗ್ರಿ ದಾಟಿದರೂ ಪ್ಯಾನಲ್ ಬಾಗಿಲು ತೆಗೆದಿಟ್ಟು ಮಷೀನ್ ಓಡಿಸಬಾರದು. ಪುಡಿ ಒಳಗೆ ಕೂತು ಶಾರ್ಟ್ ಆಗುತ್ತದೆ. ಫ್ಯಾನಿನ ಜಾಳಿಗೆ ತೊಳೆದರೆ ಸೆಕೆ ಇಳಿಯುತ್ತದೆ.

– ಹೆಗಲ ಮೇಲೆ ಟವೆಲ್, ಜೋತುಬಿದ್ದ ದುಪಟ್ಟಾ, ಕೈಗವಸು ಬೇಡ.

– ಓಡುವ ಮಷೀನ್ ಬಿಟ್ಟು ಚಹಾಕ್ಕೆ ಹೋಗಬಾರದು.

– ಪಕ್ಕದಲ್ಲಿ ಆಪರೇಟರ್ ಇಲ್ಲದಾಗ ಕಲಿಯುವ ಹುಡುಗರ ಕೈಗೆ ಪೆಂಡೆಂಟ್ ಕೊಡಬಾರದು.