ಡೇರಿಯ ಸಾಲಿನಲ್ಲಿ ನಿಂತು ಕಲಿತದ್ದು

ಹಳ್ಳಿಯ ಹಾಲು ಉತ್ಪಾದಕರ ಸಂಘಗಳಿಗೆ ಹಾಲು ಖರೀದಿಯ ಸಾಫ್ಟ್‌ವೇರ್ ಬರೆಯುವಾಗ, ರಿಕ್ವೈರ್‌ಮೆಂಟ್ ಸಂಗ್ರಹಿಸುವ ವಿಚಾರದಲ್ಲಿ ಎಡವಿ ಕಲಿತ ನಾಲ್ಕು ಪಾಠಗಳಿವು.

1. ಕೇಳಿದ್ದು ಸಾಲದು, ಹೋಗಿ ನೋಡಿ.

"ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಹಾಕಿದರೆ ದುಡ್ಡು ಎಷ್ಟು ಅಂತ ಬರಬೇಕು, ಅಷ್ಟೇ ಸಾರ್" ಎಂದಿದ್ದರು ಸಂಘದ ಕಾರ್ಯದರ್ಶಿ. ಅಷ್ಟನ್ನೇ ಬರೆದುಕೊಂಡು ಬಂದೆ. ಮಾಡಿಕೊಟ್ಟ ಮೇಲೆ ಬೆಳಗಿನ ಹಾಲಿನ ಹೊತ್ತಿಗೆ ಹೋಗಿ ನಿಂತರೆ, ಕ್ಯಾನು ಹಿಡಿದವರ ಸಾಲು ಬಾಗಿಲಾಚೆಗೂ ಇತ್ತು. ಒದ್ದೆ ಕೈಯಲ್ಲಿ ಮೌಸ್ ಹಿಡಿದು ಕಾರ್ಯದರ್ಶಿ ಪ್ರತಿಯೊಬ್ಬರ ಹೆಸರನ್ನೂ ಪಟ್ಟಿಯಲ್ಲಿ ಹುಡುಕುತ್ತಿದ್ದರು. ಸದಸ್ಯರ ನಂಬರು ಅವರಿಗೆ ಬಾಯಿಪಾಠ. ನಂಬರು, ಎಂಟರ್, ಅಂಕಿ, ಎಂಟರ್ ಎಂದಿದ್ದರೆ ಸಾಕಿತ್ತು.

2. ಪರೀಕ್ಷಿಸಲು ಬಾರದ್ದನ್ನು ಬರೆಯಬೇಡಿ.

"ವೇಗವಾಗಿರಬೇಕು" ಎಂದು ಬರೆದುಕೊಂಡಿದ್ದೆ. ನಮ್ಮ ವೇಗ ಅವರಿಗೆ ನಿಧಾನವಾಯಿತು, ಇಬ್ಬರದೂ ಸರಿಯೇ. "ಎಂಟರ್ ಒತ್ತಿದ 2 ಸೆಕೆಂಡಿನೊಳಗೆ ಚೀಟಿ ಬರಬೇಕು" ಎಂದಿದ್ದರೆ ವಾದಕ್ಕೆ ಜಾಗವಿರುತ್ತಿರಲಿಲ್ಲ. ಯೂಸರ್ ಸ್ಟೋರಿಗೆ ಕಾರ್ಡು, ಮಾತುಕತೆ, ಖಾತ್ರಿ ಮೂರೂ ಬೇಕೆಂದು 2001ರಲ್ಲೇ ಸಾಫ್ಟ್‌ವೇರ್ ತಜ್ಞ ರಾನ್ ಜೆಫ್ರೀಸ್ ಬರೆದಿದ್ದರು. ನಾನು ಕಾರ್ಡಿಗೇ ನಿಂತುಬಿಟ್ಟಿದ್ದೆ.

3. ತಪ್ಪಾದಾಗ ಏನು ಮಾಡುತ್ತೀರಿ ಎಂದು ಕೇಳಿ.

ತಪ್ಪು ಅಂಕಿ ಅಳಿಸಲು ಡಿಲೀಟ್ ಬಟನ್ ಕೊಟ್ಟಿದ್ದೆ. ಕಾರ್ಯದರ್ಶಿ ಹಳೆಯ ರಿಜಿಸ್ಟರ್ ತೆಗೆದು ತೋರಿಸಿದರು: ತಪ್ಪಿದ ಅಂಕಿಯ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಸರಿಯಾದದ್ದು, ಅದರಡಿ ಸಹಿ. ಆಡಿಟ್‌ನವರಿಗೆ ಹಳೆಯದೂ ಕಾಣಬೇಕಲ್ಲ! ಎಲ್ಲ ಸರಿಯಿದ್ದಾಗಿನ ಕೆಲಸವನ್ನಷ್ಟೇ ನಾನು ವಿಚಾರಿಸಿದ್ದೆ. ಕರೆಂಟು ಹೋದರೆ, ಫ್ಯಾಟ್ ಮಷಿನ್ ಕೆಟ್ಟರೆ ಏನು ಗತಿ ಎನ್ನುವುದೂ ಆಮೇಲೆಯೇ ತಿಳಿದದ್ದು.

4. ಬದಲಾವಣೆಯನ್ನು ಫೋನಿನಲ್ಲಿ ಮುಗಿಸಬೇಡಿ.

"ದರ ಬದಲಾಗಿದೆ, ಹಾಕಿಬಿಡಿ" ಎಂದು ಫೋನ್ ಬಂತು, ಹಾಕಿಬಿಟ್ಟೆ. ಯಾವ ದಿನದ, ಯಾವ ಹೊತ್ತಿನ ಹಾಲಿನಿಂದ ಎಂದು ಕೇಳಲಿಲ್ಲ. ಹಿಂದಿನ ದಿನಗಳ ಹಾಲಿಗೂ ಹೊಸ ದರ ಬಿದ್ದು ಬಟವಾಡೆಯ ಲೆಕ್ಕ ಏರುಪೇರಾಯಿತು. ರೈತರಿಗೆ ಉತ್ತರ ಹೇಳಬೇಕಾಗಿ ಬಂದದ್ದು ನನಗಲ್ಲ, ಕಾರ್ಯದರ್ಶಿಗೆ. ಅಂದಿನಿಂದ ಕೇಳಿದವರು ಯಾರು, ಏಕೆ ಕೇಳಿದರು, ಎಂದಿನಿಂದ ಜಾರಿ, ಇನ್ಯಾವ ಲೆಕ್ಕ ಬದಲಾಗುತ್ತದೆ ಎಂಬುದನ್ನು ಬರೆದು, ಅವರಿಗೆ ಓದಿ ಹೇಳಿ, ಹೌದೆನ್ನಿಸಿಕೊಂಡ ಮೇಲೆಯೇ ಕೋಡ್ ಮುಟ್ಟುತ್ತೇನೆ. ಹಾಲಿನ ದುಡ್ಡಿನಲ್ಲೇ ಸಂಸಾರ ತೂಗಿಸುವವರಿದ್ದಾರೆ. ಈ ಹತ್ತು ನಿಮಿಷದ ಬರವಣಿಗೆ ಅವರಿಗೆ ಸಲ್ಲಬೇಕಾದದ್ದು.