ಮನೆ ಖಾಲಿ ಮಾಡಿದ್ರೂ ಬಿಲ್ ನಮ್ಮನ್ನ ಬಿಡಲ್ಲ: 214 ಯೂನಿಟ್‌ನ ಒಂದು ಲೆಕ್ಕ

ನಾನು ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಲೆಕ್ಕದಲ್ಲಿ ತಪ್ಪಿದ್ದರೆ ಬಿಡಬೇಡಿ, ಖಂಡಿತ ಹೇಳಿ. ಯಾಕೆಂದರೆ ಈ ಲೇಖನ ಬರೆಯೋಕೆ ಕಾರಣವೇ ನಾನು ಮಾಡಿದ ಒಂದು ತಪ್ಪು.

ಹಾಸ್ಟೆಲ್ ಬಿಟ್ಟು ಹೊರಗೆ ಮನೆ ಮಾಡೋ ಬಗ್ಗೆ ಸೀನಿಯರ್‌ಗಳು ತುಂಬಾ ಹೇಳಿಕೊಡ್ತಾರೆ. ಬ್ರೋಕರ್ ಹತ್ರ ಹೇಗೆ ಮಾತಾಡಬೇಕು, ಅಡ್ವಾನ್ಸ್ ಎಷ್ಟು ಚೌಕಾಸಿ ಮಾಡಬೇಕು, ನೀರು ಎಷ್ಟು ಹೊತ್ತಿಗೆ ಬರತ್ತೆ ಅಂತ ಹೇಗೆ ಕೇಳಬೇಕು, ಎಲ್ಲಾ. ಮನೆ ಬಿಡೋದು ಹೇಗೆ ಅಂತ ಮಾತ್ರ ಯಾರೂ ಹೇಳಲ್ಲ.

ನಡೆದದ್ದು ಏನು?

ಬೆಂಗಳೂರಿನಲ್ಲಿ ನಾವು ನಾಲ್ಕು ಜನ ಒಂದು ಎರಡು ರೂಮಿನ ಮನೆಯಲ್ಲಿದ್ವಿ. ಓನರ್ ಆಂಟಿ ಕೆಳಗಿನ ಮನೆಯಲ್ಲೇ ಇರ್ತಾರೆ. ಒಳ್ಳೆಯವರು. ಹಬ್ಬಕ್ಕೆ ಒಬ್ಬಟ್ಟು ಕಳಿಸೋರು. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗೀತಾ ಬಂತು, ಪರೀಕ್ಷೆ ಮುಗಿಸಿ ಜೂನ್ 16ಕ್ಕೆ ಮನೆ ಖಾಲಿ ಮಾಡಿದ್ವಿ. ಕೆಲಸ ಹಂಚಿಕೊಂಡಿದ್ವಿ: ಒಬ್ಬ ಗ್ಯಾಸ್, ಒಬ್ಬ ಇಂಟರ್ನೆಟ್, ಒಬ್ಬ ಟೆಂಪೋ. ಕರೆಂಟ್ ಮೀಟರ್ ನೋಡೋದು ನನ್ನ ಪಾಲು. "ನಾನು ನೋಡ್ಕೋತೀನಿ ಬಿಡ್ರೋ" ಅಂದಿದ್ದೆ.

ನೋಡಲಿಲ್ಲ. ಟೆಂಪೋದವನು ಹಾರ್ನ್ ಹೊಡೀತಿದ್ದ, ಮರೆತೆ. ನಿಜ ಹೇಳಬೇಕಂದ್ರೆ ಪೂರ್ತಿ ಮರೆತಿರಲಿಲ್ಲ. ಗೃಹಜ್ಯೋತಿ ಇತ್ತಲ್ಲ, ಪ್ರತಿ ತಿಂಗಳೂ ಸೊನ್ನೆ ಬಿಲ್ ಬರ್ತಿತ್ತು. ಸೊನ್ನೆಯನ್ನ ಏನು ನೋಡೋದು ಅನ್ಕೊಂಡೆ.

ಆಂಟಿ ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ದುಡ್ಡು ಹಿಡಿದುಕೊಂಡು ಹೆಚ್ಚಿನ ಭಾಗ ವಾಪಸ್ ಕೊಟ್ಟರು. 20,000 ಮಾತ್ರ ಇಟ್ಟುಕೊಂಡು "ಕೊನೇ ಬಿಲ್ ಬರಲಿ, ಒಟ್ಟಿಗೆ ಸೆಟ್ಲ್ ಮಾಡ್ತೀನಿ" ಅಂದರು. ಸರಿ ಅಂದ್ವಿ. ಮರುದಿನದಿಂದ ಪೇಂಟಿಂಗ್ ಕೆಲಸ ಶುರುವಾಯ್ತು. ಜೂನ್ 23ಕ್ಕೆ ಹೊಸ ಬಾಡಿಗೆದಾರರು ಬಂದರು, ಗಂಡ, ಹೆಂಡತಿ, ಒಂದು ಮಗು. ಜುಲೈ 5ಕ್ಕೆ ಮೀಟರ್ ರೀಡರ್ ಬಂದು ಚೀಟಿ ಹರಿದುಕೊಟ್ಟ. ಆಂಟಿ ಫೋನ್ ಮಾಡಿದರು. "ಏನಪ್ಪಾ, ಫ್ರೀ ಕರೆಂಟು ಅಂತಿದ್ರಿ, ಇದೇನು ಸಾವಿರದ ಎಂಟುನೂರು ಬಂದಿದೆ?"

ಸೊನ್ನೆ ಬಿಲ್ 1,800 ಆಗಿದ್ದು ಹೇಗೆ?

ಮೀಟರ್‌ಗೆ ನಾವು ಯಾರು ಅಂತ ಗೊತ್ತಿಲ್ಲ. ಅದು ಬೈಕಿನ ಓಡೋಮೀಟರ್ ಇದ್ದ ಹಾಗೆ, ಯಾರು ಓಡಿಸಿದರೂ ಸಂಖ್ಯೆ ಮುಂದಕ್ಕೇ ಹೋಗತ್ತೆ. ಬಿಲ್ ಅಂದರೆ ಈ ತಿಂಗಳ ರೀಡಿಂಗ್‌ನಲ್ಲಿ ಹೋದ ತಿಂಗಳ ರೀಡಿಂಗ್ ಕಳೆದದ್ದು, ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದೊಂದು ಡೆಫಿನಿಟ್ ಇಂಟಿಗ್ರಲ್. ಎರಡು ಲಿಮಿಟ್ ಕೊಟ್ಟರೆ ಉತ್ತರ ಬರತ್ತೆ, ಮಧ್ಯದಲ್ಲಿ ಯಾರು ಎಷ್ಟು ಬಳಸಿದರು ಅನ್ನೋದು ಬರಲ್ಲ. ಅದು ಬೇಕಂದ್ರೆ ಮಧ್ಯದ ಲಿಮಿಟ್‌ಗಳೂ ಬೇಕು. ಅಂದರೆ ಜೂನ್ 16ರ ರೀಡಿಂಗ್ ಮತ್ತು ಜೂನ್ 23ರ ರೀಡಿಂಗ್. ಎರಡೂ ಯಾರ ಹತ್ರಾನೂ ಇರಲಿಲ್ಲ.

ಜೂನ್ 5ಕ್ಕೆ ರೀಡಿಂಗ್ 6,120 ಇತ್ತು. ಜುಲೈ 5ಕ್ಕೆ 6,334. ವ್ಯತ್ಯಾಸ 214 ಯೂನಿಟ್.

ಇಲ್ಲೇ ಸಮಸ್ಯೆ ಇರೋದು. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೂ ಎಲ್ಲಾ ಫ್ರೀ ಅಂತ ನಾವು ತಿಳ್ಕೊಂಡಿರ್ತೀವಿ. ಹಾಗಲ್ಲ. ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಒಂದು ಮಿತಿ ಹಾಕಿರ್ತಾರೆ. ಅದರೊಳಗೆ ಇದ್ದರೆ ಸೊನ್ನೆ ಬಿಲ್. ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಿನ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಾವು ನಾಲ್ಕು ಜನ ಇದ್ದಾಗ ತಿಂಗಳಿಗೆ ಸುಮಾರು 130 ಬರ್ತಿತ್ತು. ನಾವು, ಪೇಂಟರ್‌ಗಳು, ಹೊಸಬರು, ಮೂರೂ ಸೇರಿ ಒಂದೇ ಬಿಲ್ಲಿನಲ್ಲಿ 214 ಆಯ್ತು. 14 ಯೂನಿಟ್ ಹೆಚ್ಚಾಗಿದ್ದಕ್ಕೆ 214ಕ್ಕೂ ದುಡ್ಡು.

ಹಾಗಾದರೆ ಯಾರು ಕಟ್ಟಬೇಕು?

ವಿದ್ಯುತ್ ಕಂಪನಿಯನ್ನ ಕೇಳಿದರೆ ಉತ್ತರ ಸುಲಭ. ಅವರಿಗೆ ಗೊತ್ತಿರೋದು ಆರ್.ಆರ್. ನಂಬರ್ ಮಾತ್ರ. ಸಂಪರ್ಕ ಇರೋದು ಸಾಮಾನ್ಯವಾಗಿ ಓನರ್ ಹೆಸರಲ್ಲಿ. ದುಡ್ಡು ಬರದಿದ್ದರೆ ಫ್ಯೂಸ್ ಕಿತ್ತು ಹೋಗ್ತಾರೆ, ಆಗ ಕತ್ತಲಲ್ಲಿ ಕೂರೋದು ಈಗ ಅಲ್ಲಿ ಇರೋರು. ಹಳೇ ಬಾಕಿ ಮನೆಗೇ ಅಂಟಿಕೊಂಡು ಬರತ್ತೆ ಅನ್ನೋದಕ್ಕೆ ಸುಪ್ರೀಂ ಕೋರ್ಟಿನ ತೀರ್ಪೇ ಇದೆ. 2023ರ ಮೇ ತಿಂಗಳಲ್ಲಿ ಕೆ.ಸಿ. ನಿನನ್ ಮತ್ತು ಕೇರಳ ರಾಜ್ಯ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ, ನಿಯಮಗಳಲ್ಲಿ ಅವಕಾಶ ಇದ್ದರೆ ಹಿಂದಿನ ಮಾಲೀಕನ ಬಾಕಿಯನ್ನ ಹೊಸ ಮಾಲೀಕನಿಂದ ಕೇಳಬಹುದು ಅಂತ ಕೋರ್ಟ್ ಹೇಳಿತು. ಅದು ಆಸ್ತಿ ಕೊಂಡವರ ವಿಷಯ, ಬಾಡಿಗೆದಾರರದ್ದಲ್ಲ. ಆದರೂ ಕಂಪನಿ ಹೇಗೆ ಯೋಚನೆ ಮಾಡತ್ತೆ ಅಂತ ಅದರಿಂದ ಅರ್ಥ ಆಗತ್ತೆ.

ಓನರ್ ಮತ್ತು ನಮ್ಮ ನಡುವೆ ಉತ್ತರ ಕೊಡಬೇಕಾದದ್ದು ಅಗ್ರಿಮೆಂಟ್. (ಹನ್ನೊಂದೇ ತಿಂಗಳು ಯಾಕೆ ಅಂತ ನನಗೂ ಈಗಲೇ ಗೊತ್ತಾಗಿದ್ದು. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನ ನೋಂದಣಿ ಮಾಡಿಸಲೇಬೇಕು.) ನಮ್ಮ ಅಗ್ರಿಮೆಂಟ್‌ನಲ್ಲಿ "ವಿದ್ಯುತ್ ಮತ್ತು ನೀರಿನ ಬಿಲ್ಲನ್ನು ಬಾಡಿಗೆದಾರರೇ ಪಾವತಿಸತಕ್ಕದ್ದು" ಅಂತ ಒಂದೇ ಸಾಲು ಇತ್ತು. ಎಲ್ಲಿಯವರೆಗೆ? ಬೀಗದ ಕೈ ಕೊಟ್ಟ ದಿನದವರೆಗಾ, ಬಿಲ್ ಬಂದ ದಿನದವರೆಗಾ? ಅದು ಇರಲಿಲ್ಲ.

ಸಾಮಾನ್ಯ ಬುದ್ಧಿಗೆ ಹೊಳೆಯೋದು ಇಷ್ಟು: ಬಿಲ್ ಯಾವತ್ತು ಬಂತು ಅನ್ನೋದು ಮುಖ್ಯ ಅಲ್ಲ, ಕರೆಂಟ್ ಯಾವತ್ತು ಉರೀತು ಅನ್ನೋದು ಮುಖ್ಯ. ಮನೆ ಬಿಟ್ಟ ಮೇಲೆ ಬಂದ ಬಿಲ್ಲಿನಲ್ಲೂ ನಮ್ಮ 11 ದಿನ ಇದೆ. ಆದರೆ ಬೇರೆಯವರ 19 ದಿನ ನಮ್ಮದಲ್ಲ.

ಮೂರು ರೀತಿಯ ಲೆಕ್ಕ

1. ರೀಡಿಂಗ್ ಲೆಕ್ಕ. ಬಿಡುವಾಗಿನ ರೀಡಿಂಗ್ ಇದ್ದರೆ ಜಗಳವೇ ಇಲ್ಲ, ಕಳೆದರೆ ಮುಗೀತು. ನಮಗೆ ಈ ಭಾಗ್ಯ ಇರಲಿಲ್ಲ. ಗ್ಯಾಲರಿ ಹುಡುಕಿದಾಗ ಹೊರಡೋ ದಿನ ಮೆಟ್ಟಿಲ ಕೆಳಗೆ ತೆಗೆದ ಸೆಲ್ಫಿ ಸಿಕ್ಕಿತು, ಹಿಂದೆ ಮೀಟರ್ ಬೋರ್ಡ್ ಕಾಣ್ತಿತ್ತು! ಝೂಮ್ ಮಾಡಿದರೆ 11:42 ಅಂತಿತ್ತು. ಎಲೆಕ್ಟ್ರಾನಿಕ್ ಮೀಟರ್‌ನಲ್ಲಿ ದಿನಾಂಕ, ಸಮಯ, ಯೂನಿಟ್ ಎಲ್ಲಾ ಒಂದಾದ ಮೇಲೊಂದು ಬರ್ತಾ ಇರತ್ತೆ. ನಮ್ಮ ಅದೃಷ್ಟಕ್ಕೆ ಸಿಕ್ಕಿದ್ದು ಸಮಯ.

2. ದಿನದ ಲೆಕ್ಕ. ಒಟ್ಟು 30 ದಿನ. ನಮ್ಮದು 11, ಮನೆ ಖಾಲಿ ಇದ್ದದ್ದು 7, ಹೊಸಬರದ್ದು 12. 1,800ನ್ನ ಹಾಗೆ ಹಂಚಿದರೆ 660, 420, 720. ಸುಲಭ, ಆದರೆ ಎಲ್ಲರೂ ದಿನಕ್ಕೆ ಒಂದೇ ಅಷ್ಟು ಬಳಸಿದ್ದಾರೆ ಅಂತ ಅಂದುಕೊಂಡ ಹಾಗಾಯ್ತು.

3. ಹಳೇ ಸರಾಸರಿ ಲೆಕ್ಕ. ತಿಂಗಳಿಗೆ 130 ಅಂದರೆ 11 ದಿನಕ್ಕೆ ಸುಮಾರು 48 ಯೂನಿಟ್. 1,800ನ್ನ 214ರಿಂದ ಭಾಗಿಸಿದರೆ ಯೂನಿಟ್‌ಗೆ 8 ರೂಪಾಯಿ 41 ಪೈಸೆ. ನಮ್ಮ ಪಾಲು ಸುಮಾರು 400. ಇದು ನಿಜಕ್ಕೆ ಹತ್ತಿರ ಇರಬಹುದು. ಎರಡು ಸಾವಿರ ವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಆಗತ್ತೆ, ಚಿಕ್ಕ ಮಗು ಇರೋ ಮನೆಯಲ್ಲಿ ಬಿಸಿನೀರು ಜಾಸ್ತಿ ಬೇಕೇ ಬೇಕು. ಆದರೆ ಇದು ನಮ್ಮ ಊಹೆ, ಸಾಕ್ಷಿ ಅಲ್ಲ.

ನಾವು 400 ಅಂದ್ವಿ. ಹೊಸಬರು "ನಾವು ಬಂದು ಹನ್ನೆರಡೇ ದಿನ ಆಗಿರೋದು, ಬಂದ ತಕ್ಷಣ ಇದೇನು" ಅಂದರು. ಅವರು ಹೇಳೋದೂ ಸರಿ. ಆಂಟಿ "ಖಾಲಿ ಮನೆಯಲ್ಲಿ ಯಾವ ಕರೆಂಟಪ್ಪಾ" ಅಂದರು. ಪೇಂಟರ್‌ಗಳು ರಾತ್ರಿಯೂ ಲೈಟ್ ಹಾಕಿ ಕೆಲಸ ಮಾಡಿದ್ದರು. ಯಾರೂ ಸುಳ್ಳು ಹೇಳ್ತಿರಲಿಲ್ಲ, ಆದರೂ ಮಾತು ಮುಗೀಲಿಲ್ಲ. ಫ್ಯೂಸ್ ಕೀಳಬಾರದು ಅಂತ ಆಂಟಿ ಪೂರ್ತಿ ಬಿಲ್ ತಾವೇ ಕಟ್ಟಿದರು. ನಮ್ಮ 20,000 ಅಲ್ಲೇ ನಿಂತಿತು.

ನಾಲ್ವರಲ್ಲಿ ಒಬ್ಬ ಹಾವೇರಿ ಕಡೆಯವನು. ಅವನ ಪಾಲಿನ ಅಡ್ವಾನ್ಸ್ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಕೊಟ್ಟಿದ್ದು. ಹೊಸ ಮನೆಗೆ ಕೊಡೋಕೆ ಆ 5,000 ಬೇಕಿತ್ತು. ಅಪ್ಪನ ಹತ್ರ ಮತ್ತೆ ಕೇಳಲಾರದೆ ಸೀನಿಯರ್ ಒಬ್ಬರ ಹತ್ರ ಕೈಸಾಲ ಮಾಡಿದ. ನನಗೆ ಬೈಯಲಿಲ್ಲ. "ನೀ ನೋಡ್ತೀನಿ ಅಂದಿದ್ದಿ ಅಲ್ಲೋ?" ಅಂದ, ಒಂದೇ ಸಲ. ಆಮೇಲೆ ಎರಡು ವಾರ ನನ್ನ ಜೊತೆ ಮಾತೇ ಆಡಲಿಲ್ಲ.

ಕೊನೆಗೆ ನಾನೇ ಹೋಗಿ ದಿನದ ಲೆಕ್ಕ ಒಪ್ಪಿಕೊಂಡೆ. ಆಂಟಿಯೂ ಯೋಚನೆ ಮಾಡಿ ಖಾಲಿ ದಿನಗಳ 420 ತಾವು ಹಾಕಿಕೊಂಡರು, ಹೊಸಬರು 720 ಕೊಟ್ಟರು. ಆಗಸ್ಟ್ ಎರಡನೇ ವಾರ 19,340 ರೂಪಾಯಿ ಬಂತು. 400ಕ್ಕಿಂತ ಹೆಚ್ಚಾದ 260 ನಾನು ಕೈಯಿಂದ ಹಾಕಿದೆ. ಅದು ಫೋಟೋ ತೆಗೆಯದೇ ಇದ್ದದ್ದಕ್ಕೆ ನನ್ನ ಫೀಸು.

ನೀವು ಮಾಡಬೇಕಾದ್ದು

ಬಿಲ್‌ಗಳಲ್ಲಿ ಎರಡು ಜಾತಿ. ಮನೆಗೆ ಅಂಟಿದ್ದು (ಕರೆಂಟ್, ನೀರು) ಮತ್ತು ಮನುಷ್ಯನಿಗೆ ಅಂಟಿದ್ದು (ಇಂಟರ್ನೆಟ್, ಗ್ಯಾಸ್, ಡಿಟಿಎಚ್). ಮೊದಲನೆಯದನ್ನ ಲೆಕ್ಕ ಮಾಡಿ ಅಲ್ಲೇ ಬಿಟ್ಟು ಬರಬೇಕು. ಎರಡನೆಯದನ್ನ ನಾವೇ ನಿಲ್ಲಿಸಬೇಕು, ಇಲ್ಲದಿದ್ದರೆ ಅದು ನಮ್ಮ ಹಿಂದೇನೇ ಬರತ್ತೆ.

* ಮನೆಗೆ ಹೋಗೋ ದಿನವೇ ಮೀಟರ್ ಫೋಟೋ ತೆಗೀರಿ, ಹಿಂದಿನ ಬಿಲ್ಲಿನಲ್ಲಿ ಹಿಂಬಾಕಿ ಇದೆಯಾ ನೋಡಿ. ಬಿಡೋ ದಿನ ಇನ್ನೊಂದು ಫೋಟೋ. ಪರದೆಯಲ್ಲಿ ಕೆಡಬ್ಲ್ಯೂಎಚ್ ಅಂತ ಬರೋವರೆಗೂ ಕಾಯಿರಿ! ಅಲ್ಲೇ ನಿಂತು ಓನರ್‌ಗೆ ವಾಟ್ಸಾಪ್ ಮಾಡಿ.
* ಬಿಲ್ಲಿನಲ್ಲಿ "ಹೆಚ್ಚುವರಿ ಭದ್ರತಾ ಠೇವಣಿ" ಅಂತ ಬಂದರೆ ಅದು ನಿಮ್ಮ ಬಳಕೆಯ ದುಡ್ಡಲ್ಲ. ಸಂಪರ್ಕದ ಹೆಸರಲ್ಲಿ ಉಳಿಯೋ ಠೇವಣಿ, ಓನರ್ ಜೊತೆ ಮಾತಾಡಿ.
* ಗೃಹಜ್ಯೋತಿ ನಿಮ್ಮ ಆಧಾರ್‌ಗೆ ಜೋಡಣೆ ಆಗಿದ್ದರೆ ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡಿ. ಆಗಲೇ ನೀವು ಹೊಸ ಮನೆಯಲ್ಲಿ, ಹೊಸಬರು ಹಳೇ ಮನೆಯಲ್ಲಿ ಅರ್ಜಿ ಹಾಕಬಹುದು.
* ನೀರಿನ ಸಂಪರ್ಕ ಇಡೀ ಬಿಲ್ಡಿಂಗಿಗೆ ಒಂದೇ ಇದ್ದರೆ ಯಾವ ದಿನದವರೆಗೆ ಎಷ್ಟು ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ.
* ಇಂಟರ್ನೆಟ್‌ಗೆ ಬರೀ ದುಡ್ಡು ಕಟ್ಟೋದು ನಿಲ್ಲಿಸಿದರೆ ಸಾಲದು. ನಿಲ್ಲಿಸಿ ಅಂತ ಬರೆದು ಕಳಿಸಿ, ಕಂಪನಿಯ ರೌಟರ್ ಆಗಿದ್ದರೆ ವಾಪಸ್ ಕೊಟ್ಟು ರಸೀದಿ ತಗೊಳ್ಳಿ, ಆಟೋ-ಪೇ ರದ್ದು ಮಾಡಿ.
* ಗ್ಯಾಸ್ ಕನೆಕ್ಷನ್ ನಿಮ್ಮ ಹೆಸರಲ್ಲಿದ್ದರೆ ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಕೊಟ್ಟು ಠೇವಣಿ ವಾಪಸ್ ಪಡೀಬಹುದು. ಹಾಗೇ ಬಿಟ್ಟು ಬಂದರೆ ನಿಮ್ಮ ಹೆಸರಲ್ಲಿ ಬೇರೆ ಯಾರೋ ಅಡುಗೆ ಮಾಡ್ತಿರ್ತಾರೆ.
* ಅಗ್ರಿಮೆಂಟ್‌ಗೆ ಸಹಿ ಹಾಕೋ ಮುಂಚೆ ಒಂದು ಸಾಲು ಸೇರಿಸೋಕೆ ಕೇಳಿ: "ಬೀಗದ ಕೈ ಒಪ್ಪಿಸಿದ ದಿನದ ಮೀಟರ್ ರೀಡಿಂಗ್‌ವರೆಗಿನ ಬಿಲ್ ಬಾಡಿಗೆದಾರರದ್ದು."

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು, ಮನೆ ಒಪ್ಪಿಸಿದಾಗ ಬಾಕಿ ಕಳೆದು ವಾಪಸ್ ಕೊಡಬೇಕು ಅಂತ ಇದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ಅಳವಡಿಸಿಕೊಂಡರಷ್ಟೇ ಕಾನೂನು. ಅದನ್ನ ತೋರಿಸಿ ಓನರ್ ಜೊತೆ ಜಗಳಕ್ಕೆ ಹೋಗಬೇಡಿ. ಫೋಟೋ ತೋರಿಸಿ ಮಾತಾಡಿ.

ಹಾವೇರಿಯವನು ಈಗ ಬೇರೆ ಮನೆಯಲ್ಲಿದ್ದಾನೆ. ಆ ಮನೆಗೆ ಹೋದ ದಿನ ನಮ್ಮ ಹಳೇ ವಾಟ್ಸಾಪ್ ಗ್ರೂಪಿಗೆ ಅವನಿಂದ ಒಂದು ಫೋಟೋ ಬಂತು. ಹಾಲು ಉಕ್ಕಿಸಿದ ಫೋಟೋ ಇರಬೇಕು ಅಂತ ತೆಗೆದರೆ, ಮೀಟರ್. ಕೆಡಬ್ಲ್ಯೂಎಚ್ ಸ್ಪಷ್ಟವಾಗಿ ಕಾಣ್ತಿತ್ತು. ಕೆಳಗೆ ಬರೆದಿದ್ದ: "ಈ ಸಲ ನಾನ ನೋಡ್ಕೊಂಡೆ. ಸಂಜಿಗೆ ಚಾ ಕುಡ್ಯಾಕ ಬಾ."